ರೈಫಲ್ ಸಿಡಿದರೆ ತಪ್ಪು ಯಾರದು: ಮದ್ದಿನದೋ, ಉಕ್ಕಿನದೋ, ಕಡತದ್ದೋ?

ಒಂದು ರೈಫಲ್ ಹಿಡಿದವರ ಕೈಯಲ್ಲೇ ಸಿಡಿಯಿತು ಅಂದುಕೊಳ್ಳಿ. ಮಾರನೇ ದಿನ ಮೂರು ಮಾತು ಕೇಳಿಬರುತ್ತವೆ. ರೈಫಲ್ ಮಾಡಿದವರು ‘ತೋಟೆ ಕೆಟ್ಟದ್ದಿತ್ತು’ ಅಂತಾರೆ. ತೋಟೆ ಮಾಡಿದವರು ‘ರೈಫಲ್ ಸರಿಯಿರಲಿಲ್ಲ’ ಅಂತಾರೆ. ಆಮೇಲೆ ಇಬ್ಬರೂ ಸೇರಿ ‘ಹಿಡಿದವನಿಗೆ ಅದನ್ನ ಇಟ್ಟುಕೊಳ್ಳೋಕೆ ಬರಲಿಲ್ಲ’ ಅಂತಾರೆ. ಮೂರನೇ ಮಾತು ಕಡತಕ್ಕೆ ಬೇಗ ಸೇರುತ್ತೆ. ಯಾಕಂದ್ರೆ ಅದಕ್ಕೆ ಉತ್ತರ ಕೊಡಬೇಕಾದವರು ಆಸ್ಪತ್ರೆಯಲ್ಲಿರುತ್ತಾರೆ, ಇಲ್ಲವೇ ಇರೋದೇ ಇಲ್ಲ.

ನಾನು ಬಂದೂಕುಪ್ರೇಮಿ ಅಲ್ಲ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮಾಡ್ತಿರೋದು ಪತ್ರಿಕೋದ್ಯಮ. ಆದರೂ ಈ ವಿಷಯದ ಬಗ್ಗೆ ಬರೀತಿರೋದಕ್ಕೆ ಕಾರಣ ಇದೆ. ಒಂದು ವಸ್ತು ಮುರಿದಾಗ ‘ಯಾಕೆ ಮುರೀತು’ ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ. ‘ಯಾಕೆ ಅಂತ ಯಾರು ತೀರ್ಮಾನಿಸ್ತಾರೆ’ ಅನ್ನೋದು ರಾಜಕೀಯದ ಪ್ರಶ್ನೆ. ಸೇತುವೆ ಕುಸಿದಾಗ, ರೈಲು ಹಳಿ ತಪ್ಪಿದಾಗ ಈ ಎರಡೂ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ರೈಫಲ್‌ಗಳ ಇತಿಹಾಸದಲ್ಲಿ ಆ ಗಂಟು ಇನ್ನೂ ಸ್ಪಷ್ಟವಾಗಿ ಕಾಣಿಸುತ್ತೆ. ಮೊದಲು ತಾಂತ್ರಿಕ ವಿಷಯ ನೋಡೋಣ. ಆಮೇಲೆ ಮೂರು ನಿಜ ಪ್ರಕರಣ, ಕೊನೆಗೆ ನಮ್ಮ ದೇಶದ ಕಥೆ.

ತೋಟೆಯೊಳಗೆ ಏನಿರುತ್ತೆ?

ರೈಫಲ್ ತೋಟೆಯಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೇಪು ಅಂದರೆ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದಾಗ ಸೂಜಿ ಕೇಪಿಗೆ ಬಡಿಯುತ್ತೆ, ಕಿಡಿ ಹಾರುತ್ತೆ, ಮದ್ದು ಉರಿದು ಅನಿಲವಾಗುತ್ತೆ. ಆ ಅನಿಲ ಗುಂಡನ್ನು ನಳಿಗೆಯಿಂದ ಹೊರಗೆ ತಳ್ಳುತ್ತೆ. ಸಾಮಾನ್ಯ ಸೇನಾ ರೈಫಲ್‌ನಲ್ಲಿ ಆ ಕ್ಷಣದ ಒತ್ತಡ ಚದರ ಇಂಚಿಗೆ ಸುಮಾರು 50,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿರೋದು ಸುಮಾರು 32. ಅಂದರೆ ಸಾವಿರದ ಐನೂರು ಪಟ್ಟಿಗೂ ಹೆಚ್ಚು ಒತ್ತಡ, ಗುಂಡು ಹೊಡೆಯುವವರ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಇಷ್ಟು ಒತ್ತಡವನ್ನು ತಡೆಯೋದು ಎರಡು. ಒಂದು ರೈಫಲ್‌ನ ಉಕ್ಕು, ಅದರಲ್ಲೂ ಬೋಲ್ಟ್ ಮತ್ತು ಅದು ಕೂರುವ ರಿಸೀವರ್. ಇನ್ನೊಂದು ಹಿತ್ತಾಳೆ ಕೇಸ್. ಕೇಸ್ ಹಿಗ್ಗಿ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ಮುಚ್ಚುತ್ತೆ. ಕೇಸ್‌ನ ಬುಡ ಬಿರುಕುಬಿಟ್ಟರೆ ಅನಿಲ ನೇರವಾಗಿ ರಿಸೀವರ್ ಒಳಕ್ಕೆ ನುಗ್ಗುತ್ತೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮರುತುಂಬಿದ ತೋಟೆ ಎಲ್ಲಿ ಎಡವುತ್ತೆ?

ಹಾರಿಸಿದ ಮೇಲೆ ಗುಂಡು, ಮದ್ದು, ಕೇಪು ಖರ್ಚಾಗಿರುತ್ತವೆ. ಹಿತ್ತಾಳೆ ಕೇಸ್ ಉಳಿಯುತ್ತೆ. ತೋಟೆಯಲ್ಲಿ ದುಬಾರಿ ಭಾಗವೂ ಅದೇ. ಅದನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಹಾಕಿದರೆ ಮರುತುಂಬಿದ ತೋಟೆ. ಅಮೆರಿಕದಲ್ಲಿ ಗುರಿ ಸ್ಪರ್ಧೆಯವರು, ಬೇಟೆಗಾರರು ಇದನ್ನ ಮನೆಯಲ್ಲೇ ಮಾಡ್ತಾರೆ. ಎಚ್ಚರಿಕೆಯಿಂದ ಮಾಡಿದ ತೋಟೆ ಕಾರ್ಖಾನೆಯದಕ್ಕಿಂತ ನಿಖರವಾಗಿರೋದೂ ಉಂಟು. ಎಡವಟ್ಟು ಆಗೋದು ಮುಖ್ಯವಾಗಿ ಈ ಜಾಗಗಳಲ್ಲಿ:

- ಮದ್ದು ಜಾಸ್ತಿ. ಒಂದೇ ಕೇಸ್‌ಗೆ ಎರಡು ಸಲ ತುಂಬಿಬಿಡೋದು. ಬೇಗ ಉರಿಯುವ ಮದ್ದಿನ ಅಳತೆ ಕಮ್ಮಿ ಇರುತ್ತೆ. ಹಾಗಾಗಿ ಎರಡು ಪಾಲು ಹಾಕಿದರೂ ಕೇಸ್ ತುಂಬಿ ಚೆಲ್ಲೋದಿಲ್ಲ, ಕಣ್ಣಿಗೆ ಗೊತ್ತಾಗೋದಿಲ್ಲ.
- ಮದ್ದು ಅದಲುಬದಲು. ರೈಫಲ್‌ಗೆ ನಿಧಾನವಾಗಿ ಉರಿಯುವ ಮದ್ದು ಬೇಕು. ಪಿಸ್ತೂಲಿನ ಮದ್ದು ಬಿದ್ದರೆ ಒತ್ತಡ ಒಮ್ಮೆಲೇ ಏರುತ್ತೆ.
- ಮದ್ದೇ ಇಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ಅರ್ಧ ದಾರಿಯಲ್ಲಿ ನಿಲ್ಲುತ್ತೆ. ‘ಸದ್ದು ಕಮ್ಮಿ ಬಂತಲ್ಲ’ ಅಂತ ಇನ್ನೊಂದು ಹಾರಿಸಿದರೆ ಎರಡನೇ ಗುಂಡಿಗೆ ದಾರಿ ಇರೋದಿಲ್ಲ.
- ದಣಿದ ಹಿತ್ತಾಳೆ. ಪ್ರತಿ ಸಲ ಹಿಗ್ಗಿ, ಅದನ್ನ ಮತ್ತೆ ಕುಗ್ಗಿಸಿ, ಕೇಸ್ ಬುಡದ ಹತ್ತಿರ ತೆಳ್ಳಗಾಗುತ್ತೆ. ಒಂದು ದಿನ ಅಲ್ಲೇ ಹರಿಯುತ್ತೆ.

ತನಿಖೆ ಹೇಗೆ ನಡೀಬೇಕು?

ತನಿಖೆಯ ದೊಡ್ಡ ತೊಡಕು ಅಂದ್ರೆ ಮುಖ್ಯ ಸಾಕ್ಷಿ ಉರಿದು ಹೋಗಿರುತ್ತೆ. ಆ ತೋಟೆಯಲ್ಲಿ ಎಷ್ಟು ಮದ್ದಿತ್ತು ಅಂತ ಯಾರೂ ಇನ್ನು ತೂಗಿ ನೋಡೋಕಾಗಲ್ಲ. ಹಾಗಾಗಿ ಸುತ್ತಲಿನ ಗುರುತುಗಳನ್ನು ಓದಬೇಕು.

ಮೊದಲ ನಿಯಮ: ಚೂರುಗಳನ್ನೆಲ್ಲ ಇದ್ದ ಹಾಗೇ ಎತ್ತಿಡೋದು. ಸಿಡಿದ ಭಾಗ, ಕೇಸ್, ಡಬ್ಬಿಯಲ್ಲಿ ಉಳಿದ ತೋಟೆಗಳು, ಮದ್ದಿನ ಡಬ್ಬ, ತುಂಬಿದವರ ಲೆಕ್ಕದ ಪುಸ್ತಕ, ಎಲ್ಲವೂ ಬೇಕು. ಒರೆಸಿ ತೊಳೆದರೆ ಸಾಕ್ಷಿ ಹೋಯ್ತು.

ಆಮೇಲೆ ಕೇಸ್ ನೋಡ್ತಾರೆ. ಕೇಪು ಚಪ್ಪಟೆಯಾಗಿದ್ದರೆ, ಬುಡದ ಹಿತ್ತಾಳೆ ಬೋಲ್ಟಿನ ಸಂದಿಗೆ ಹರಿದು ಅಚ್ಚು ಮೂಡಿದ್ದರೆ, ಒತ್ತಡ ಮಿತಿ ಮೀರಿತ್ತು ಅನ್ನಬಹುದು. ಬುಡದ ಮೇಲ್ಗಡೆ ಹೊಳೆಯುವ ಉಂಗುರ ಕಂಡರೆ ಹಿತ್ತಾಳೆ ಎಳೆದು ತೆಳ್ಳಗಾಗಿತ್ತು ಅಂತ. ನಳಿಗೆಯ ನಡುವೆ ಬಳೆಯಂತೆ ಉಬ್ಬಿದ್ದರೆ ಅಲ್ಲಿ ಏನೋ ಅಡ್ಡ ಇತ್ತು ಅಂತ.

ಮೂರನೆಯದು ಮುರಿದ ಉಕ್ಕಿನ ಮುಖ. ಕಾಲೇಜಿನ ಲ್ಯಾಬಿನಲ್ಲಿ ನಾವು ಉಕ್ಕಿನ ತುಂಡಿಗೆ ಕಚ್ಚು ಹಾಕಿ, ಲೋಲಕದ ಸುತ್ತಿಗೆಯಿಂದ ಹೊಡೆದು ಮುರಿಯೋ ಪರೀಕ್ಷೆ ಮಾಡ್ತಿದ್ವಿ. ಗಟ್ಟಿ ಉಕ್ಕು ಬಾಗಿ, ಹರಿದು, ಮುನಿಸಿಕೊಂಡು ಮುರಿಯುತ್ತೆ, ಮುರಿದ ಜಾಗ ಮಸುಕಾಗಿರುತ್ತೆ. ಪೆಡಸು ಉಕ್ಕು ಬಾಗದೆ ಟಕ್ಕಂತ ಎರಡಾಗುತ್ತೆ, ಮುರಿದ ಜಾಗ ಕಲ್ಲುಸಕ್ಕರೆ ಹಾಗೆ ಹರಳುಹರಳಾಗಿ ಮಿನುಗುತ್ತೆ. ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಇದು.

ಕೊನೆಗೆ ಉಳಿದ ತೋಟೆಗಳ ಗುಂಡು ಕಿತ್ತು ಒಂದೊಂದರ ಮದ್ದನ್ನೂ ತೂಗಬೇಕು, ಕೆಲವನ್ನು ಒತ್ತಡ ಅಳೆಯುವ ನಳಿಗೆಯಲ್ಲಿ ಹಾರಿಸಬೇಕು, ಅದೇ ಮಾದರಿಯ ಬೇರೆ ರೈಫಲ್‌ನಲ್ಲಿ ಅದೇ ಸ್ಥಿತಿ ಸೃಷ್ಟಿಸಿ ನೋಡಬೇಕು. ಇಷ್ಟೆಲ್ಲ ಮಾಡದೆ ‘ಮದ್ದು ಜಾಸ್ತಿ ತುಂಬಿರಬೇಕು’ ಅಂದರೆ ಅದು ಊಹೆ. ಅಳಿದುಹೋದ ಸಾಕ್ಷಿಯ ಮೇಲೆ ತಪ್ಪು ಹೊರಿಸೋದು ಸುಲಭ, ಅದು ಎದುರು ಮಾತಾಡಲ್ಲ.

ಪ್ರಕರಣ 1: ಬಿಸಿಲಿನಲ್ಲಿ ಸುಟ್ಟ ಉಕ್ಕು

1917. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ವರ್ಷ. ಸೇನೆಯ ಮುಖ್ಯ ರೈಫಲ್ ‘ಸ್ಪ್ರಿಂಗ್‌ಫೀಲ್ಡ್ 1903’. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಮತ್ತು ಇಲಿನಾಯ್‌ನ ರಾಕ್ ಐಲೆಂಡ್, ಎರಡೂ ಸರ್ಕಾರಿ ಕಾರ್ಖಾನೆಗಳು. ಆ ವರ್ಷ ಕೆಲವು ರೈಫಲ್‌ಗಳ ರಿಸೀವರ್ ಗಾಜಿನ ಹಾಗೆ ಚೂರಾಯಿತು. ತೋಟೆ ನೋಡಿದರು. ಕೇಸ್‌ಗಳ ಬುಡದ ಹಿತ್ತಾಳೆ ಮೆತ್ತಗಿತ್ತು. ಅನಿಲ ಹಿಂದಕ್ಕೆ ನುಗ್ಗಿತ್ತು. ತಪ್ಪು ತೋಟೆಯದು.

ಇಲ್ಲಿಗೇ ಕಡತ ಮುಚ್ಚಬಹುದಿತ್ತು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು: ತೋಟೆ ಕೆಟ್ಟದ್ದೇ ಇರಲಿ, ಒಳ್ಳೆಯ ಉಕ್ಕು ಬಾಗಬೇಕಿತ್ತು, ಚೂರಾಗಿದ್ದು ಯಾಕೆ?

ಉತ್ತರ ಕುಲುಮೆಯಲ್ಲಿತ್ತು. ಉಕ್ಕು ಎಷ್ಟು ಕಾದಿದೆ ಅಂತ ಅನುಭವಿ ಕೆಲಸಗಾರರು ಬಣ್ಣ ನೋಡಿ ಹೇಳ್ತಿದ್ದರು. ಮೋಡದ ದಿನ ಸರಿಯಾಗಿ ಕಾಣುವ ಕೆಂಪು, ಜೋರು ಬಿಸಿಲಿನ ದಿನ ಮಂಕಾಗಿ ಕಾಣುತ್ತೆ. ಹಾಗಾಗಿ ಇನ್ನಷ್ಟು ಕಾಯಿಸ್ತಿದ್ದರು. ತಾಪ ಅಳೆಯುವ ಉಪಕರಣ ಇಟ್ಟು ನೋಡಿದಾಗ, ಕಣ್ಣಿಗೆ ‘ಸರಿ’ ಅನ್ನಿಸಿದ ತಾಪಗಳ ನಡುವೆ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ವ್ಯತ್ಯಾಸ ಇತ್ತು. ಕೆಲವು ರಿಸೀವರ್‌ಗಳ ಉಕ್ಕು ಸುಟ್ಟು ಪೆಡಸಾಗಿತ್ತು. 1918ರಲ್ಲಿ ಶಾಖ ಸಂಸ್ಕರಣೆಯ ವಿಧಾನವನ್ನೇ ಬದಲಾಯಿಸಿದರು. ಅಷ್ಟರೊಳಗೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸುಮಾರು 8 ಲಕ್ಷ, ರಾಕ್ ಐಲೆಂಡ್‌ನಲ್ಲಿ 2.85 ಲಕ್ಷ ರೈಫಲ್‌ಗಳು ಹಳೇ ವಿಧಾನದಲ್ಲೇ ತಯಾರಾಗಿದ್ದವು.

ಅವುಗಳಲ್ಲಿ ಯಾವುದು ಸುಟ್ಟದ್ದು, ಯಾವುದು ಚೆನ್ನಾಗಿದೆ ಅಂತ ಹೊರಗಿನಿಂದ ಹೇಳೋ ಉಪಾಯ ಇರಲಿಲ್ಲ. 1927ರಲ್ಲಿ ಸೇನೆಯ ಒಂದು ಮಂಡಳಿ ಈ ರೈಫಲ್‌ಗಳನ್ನು ಹಿಂಪಡೆದು ರಿಸೀವರ್‌ಗಳನ್ನು ಗುಜರಿಗೆ ಹಾಕಬೇಕು ಅಂದಿತು. ಮೇಲಿನವರು ಪೂರ್ತಿ ಒಪ್ಪಲಿಲ್ಲ. 1928ರ ತೀರ್ಮಾನ ಹೀಗಿತ್ತು: ಗೋದಾಮಿನಲ್ಲಿರೋದನ್ನು ಯುದ್ಧದ ಮೀಸಲಾಗಿ ಇಟ್ಟುಕೊಳ್ಳಿ. ಸೈನಿಕರ ಕೈಯಲ್ಲಿರೋದು ಬೇರೆ ಯಾವುದಾದರೂ ಕಾರಣಕ್ಕೆ ರಿಪೇರಿಗೆ ಬರೋವರೆಗೂ ಅಲ್ಲೇ ಇರಲಿ.

ಈ ಕಥೆ ನಮಗೆ ಗೊತ್ತಾಗಿದ್ದು ಸೇನೆಯ ಆರ್ಡನೆನ್ಸ್ ಅಧಿಕಾರಿಯಾಗಿದ್ದ ಜೂಲಿಯನ್ ಹ್ಯಾಚರ್ ಅವರಿಂದ. 1917ರಿಂದ 1929ರವರೆಗಿನ 68 ಪ್ರಕರಣಗಳನ್ನು ಅವರು ಒಂದೊಂದಾಗಿ ಪಟ್ಟಿ ಮಾಡಿ 1947ರಲ್ಲಿ ಪುಸ್ತಕವಾಗಿ ತಂದರು. ಕೆಲವು ಪ್ರಕರಣಗಳಲ್ಲಿ ನಳಿಗೆಯಲ್ಲಿ ಅಡ್ಡ ಇತ್ತು, ಕೆಲವರು ಜರ್ಮನ್ ರೈಫಲ್‌ನ ತೋಟೆಯನ್ನು ಗೊತ್ತಿಲ್ಲದೆ ಹಾಕಿದ್ದರು. ಅಂದರೆ ಹಲವು ಕಡೆ ತಪ್ಪು ತೋಟೆಯದೇ. ಆದರೆ ಅದು ಕಿಡಿ ಮಾತ್ರ. ಸೌದೆ ಒಣಗಿದ್ದು ಕುಲುಮೆಯಲ್ಲಿ.

ಪ್ರಕರಣ 2: ಪರೀಕ್ಷೆಗೆ ಒಂದು ಮದ್ದು, ಯುದ್ಧಕ್ಕೆ ಇನ್ನೊಂದು

ಐವತ್ತು ವರ್ಷದ ನಂತರ ಇದರ ತಿರುವುಮುರುವು ನಡೆಯಿತು. ವಿಯೆಟ್ನಾಂ ಯುದ್ಧ, ಅಮೆರಿಕದ ಹೊಸ ರೈಫಲ್ ಎಂ-16. ಇಲ್ಲಿ ರೈಫಲ್ ಸಿಡಿಯಲಿಲ್ಲ, ನಿಂತುಹೋಯಿತು. ಹಾರಿಸಿದ ಕೇಸ್ ಒಳಗೇ ಕಚ್ಚಿಕೊಂಡು ಹೊರಗೆ ಬರ್ತಿರಲಿಲ್ಲ. ನಳಿಗೆ ಒರೆಸುವ ಕಡ್ಡಿಯನ್ನು ಮುಂದಿನಿಂದ ತೂರಿಸಿ ತಳ್ಳಿ ತೆಗೀಬೇಕಿತ್ತು, ಅದೂ ಎದುರಿನಿಂದ ಗುಂಡು ಬರ್ತಿರುವಾಗ. 1967ರ ಏಪ್ರಿಲ್-ಮೇನಲ್ಲಿ ಖೆ ಸಾನ್ ಸುತ್ತಲಿನ ಗುಡ್ಡಗಳ ಕಾದಾಟದ ನಂತರ ಮರೀನ್ ಸೈನಿಕರು ಮನೆಗೆ ಬರೆದ ಪತ್ರಗಳು ಅಮೆರಿಕದ ಸಂಸತ್ತಿನವರೆಗೂ ಹೋದವು.

ಸೇನೆಯ ಮೊದಲ ಉತ್ತರ ಏನು ಗೊತ್ತಾ? ಸೈನಿಕರು ರೈಫಲ್ ಸ್ವಚ್ಛ ಮಾಡ್ತಿಲ್ಲ ಅಂತ. ಆದರೆ ಈ ರೈಫಲ್‌ಗೆ ಹೆಚ್ಚು ಸ್ವಚ್ಛತೆ ಬೇಡ ಅನ್ನೋ ಮಾತೇ ಹಬ್ಬಿತ್ತು, ಸ್ವಚ್ಛ ಮಾಡುವ ಸಾಮಾನೂ ಸಾಕಷ್ಟು ತಲುಪಿರಲಿಲ್ಲ.

1967ರ ಮೇನಲ್ಲಿ ಜನಪ್ರತಿನಿಧಿ ಸಭೆಯ ಸಶಸ್ತ್ರ ಪಡೆಗಳ ಸಮಿತಿ, ರಿಚರ್ಡ್ ಐಕಾರ್ಡ್ ನೇತೃತ್ವದಲ್ಲಿ ಉಪಸಮಿತಿ ಮಾಡಿತು. ಅದು ವಿಯೆಟ್ನಾಂಗೇ ಹೋಗಿ ಸೈನಿಕರನ್ನು ಮಾತಾಡಿಸಿತು. ಹೊರಬಿದ್ದ ಸಂಗತಿ ಇದು: ಯೂಜೀನ್ ಸ್ಟೋನರ್ ಈ ರೈಫಲ್ ವಿನ್ಯಾಸ ಮಾಡಿದ್ದು ಡುಪಾಂಟ್ ಕಂಪನಿಯ ಒಂದು ಮದ್ದಿಗೆ ತಕ್ಕ ಹಾಗೆ. ಸೇನೆ ಕೇಳಿದ ವೇಗವನ್ನು ಒತ್ತಡದ ಮಿತಿಯೊಳಗೆ ಆ ಮದ್ದಿನಿಂದ ಸತತವಾಗಿ ಕೊಡೋದು ಕಷ್ಟವಾಯಿತು. 1964ರಲ್ಲಿ ಸೇನೆ ಓಲಿನ್ ಕಂಪನಿಯ ‘ಬಾಲ್ ಪೌಡರ್’ಗೆ ಬದಲಾಯಿತು. ಹೊಸ ಮದ್ದಿಗೆ ರೈಫಲ್ ಇನ್ನೂ ವೇಗವಾಗಿ ಬಡಿಯತೊಡಗಿತು, ಮಸಿ ಹೆಚ್ಚು ಕಟ್ಟಿತು. ತೋಟೆ ಕೂರುವ ಜಾಗಕ್ಕೆ ಕ್ರೋಮ್ ಲೇಪನವೂ ಇರಲಿಲ್ಲ, ವಿಯೆಟ್ನಾಮಿನ ತೇವಕ್ಕೆ ಅಲ್ಲಿ ತುಕ್ಕು ಹಿಡಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. ಹೊಸ ಮದ್ದಿನಲ್ಲಿ ರೈಫಲ್ ಮಿತಿ ಮೀರಿ ವೇಗವಾಗಿ ಹಾರುತ್ತೆ, ಸ್ವೀಕಾರ ಪರೀಕ್ಷೆ ಪಾಸಾಗೋದು ಕಷ್ಟ ಅಂತ ತಯಾರಕ ಕಂಪನಿ ಕೋಲ್ಟ್ ಹೇಳಿದಾಗ, ಹಳೇ ಮದ್ದಿನ ತೋಟೆಯಲ್ಲಿ ಪರೀಕ್ಷೆ ಮಾಡೋಕೆ ಸೇನೆ ಅನುಮತಿ ಕೊಟ್ಟಿತು. ಕಾರ್ಖಾನೆಯಲ್ಲಿ ಒಂದು ಮದ್ದಿಗೆ ಪಾಸಾದ ರೈಫಲ್, ಕಾಡಿನಲ್ಲಿ ಇನ್ನೊಂದು ಮದ್ದನ್ನು ಹಾರಿಸಬೇಕಾಯಿತು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. 1967ರ ಅಕ್ಟೋಬರ್‌ನಲ್ಲಿ ಬಂದ ವರದಿ ಸೇನೆಯ ಈ ನಡವಳಿಕೆ ಅಪರಾಧದ ಅಂಚಿಗೆ ಬಂದ ನಿರ್ಲಕ್ಷ್ಯ ಎಂಬರ್ಥದ ಮಾತು ಬರೆಯಿತು. ಕ್ರೋಮ್ ಲೇಪನ ಬಂತು, ಬಫರ್ ಬದಲಾಯಿತು, ಸ್ವಚ್ಛತೆಯ ಸಾಮಾನು ಬಂತು, ಆಮೇಲೆ ಮದ್ದಿನ ರಾಸಾಯನಿಕ ಅಳತೆಯೂ ಬದಲಾಯಿತು. ರೈಫಲ್ ಸುಧಾರಿಸಿತು. ಆದರೆ ಅದೆಲ್ಲ ಆಗಿದ್ದು ಸೈನಿಕರು ಸತ್ತ ಮೇಲೆ.

ಪ್ರಕರಣ 3: ಬೇಕಂತಲೇ ಕೆಡಿಸಿದ ತೋಟೆ

ಅದೇ ಯುದ್ಧ, ಅದೇ ವರ್ಷಗಳು. ಕರ್ನಲ್ ಜಾನ್ ಸಿಂಗ್ಲಾಬ್ ಮುಖ್ಯಸ್ಥರಾಗಿದ್ದ ಅಮೆರಿಕದ ರಹಸ್ಯ ಪಡೆ ‘ಎಸ್‌ಒಜಿ’ ಇನ್ನೊಂದು ಕೆಲಸ ಮಾಡ್ತಿತ್ತು. ಉತ್ತರ ವಿಯೆಟ್ನಾಂ ಸೇನೆಯ ಎಕೆ ರೈಫಲ್ ತೋಟೆಗಳನ್ನು ಬಿಚ್ಚಿ, ಮದ್ದು ತೆಗೆದು, ನೋಡೋಕೆ ಹಾಗೇ ಕಾಣುವ ಸ್ಫೋಟಕ ತುಂಬಿ, ಮತ್ತೆ ಮುಚ್ಚಿ, ಶತ್ರುವಿನ ದಾಸ್ತಾನಿನಲ್ಲಿ ಬೆರೆಸೋದು. ಹಾರಿಸಿದಾಗ ಒತ್ತಡ ಮಾಮೂಲಿಗಿಂತ ಸುಮಾರು ಐದು ಪಟ್ಟು. ಯೋಜನೆಯ ಹೆಸರು ‘ಎಲ್ಡೆಸ್ಟ್ ಸನ್’. ಎಕೆ ತೋಟೆಗಳೇ 11,565 ಅಂತ ಬಹಿರಂಗವಾದ ಲೆಕ್ಕ ಹೇಳುತ್ತೆ, ಮಾರ್ಟರ್ ಶೆಲ್‌ಗಳು ಬೇರೆ.

ಒಂದು ರಾಶಿಯಲ್ಲಿ ಒಂದೇ ಕೆಟ್ಟ ತೋಟೆ ಇಡ್ತಿದ್ದರು. ಯಾಕಂದ್ರೆ ಉಳಿದದ್ದನ್ನು ಎಷ್ಟು ಪರೀಕ್ಷೆ ಮಾಡಿದರೂ ಸರಿಯಾಗೇ ಇರುತ್ತೆ. ತನಿಖೆ ಸೋಲಲಿ ಅಂತಲೇ ಮಾಡಿದ ಲೆಕ್ಕ ಅದು. ಜೊತೆಗೆ ನಕಲಿ ಕಾಗದಪತ್ರ ಸೃಷ್ಟಿಸಿ, ಇದು ಚೀನಾದ ಕಳಪೆ ತಯಾರಿಕೆ ಅನ್ನೋ ಅನುಮಾನ ಹಬ್ಬಿಸಿದರು. ಉದ್ದೇಶ ಕೆಲವು ರೈಫಲ್ ಒಡೆಯೋದಷ್ಟೇ ಅಲ್ಲ, ತನ್ನ ಕೈಯಲ್ಲಿರುವ ಬಂದೂಕಿನ ಮೇಲೆ ಸೈನಿಕನಿಗೆ ಇರುವ ನಂಬಿಕೆ ಒಡೆಯೋದು. 1969ರಲ್ಲಿ ಸುದ್ದಿ ಪತ್ರಿಕೆಗಳಿಗೆ ಸೋರಿತು, ಯೋಜನೆ ನಿಂತಿತು.

ಇಲ್ಲಿ ತಪ್ಪು ನೂರಕ್ಕೆ ನೂರು ಮರುತುಂಬಿದ ತೋಟೆಯದು. ಆದರೂ ‘ತೋಟೆ ಕೆಟ್ಟಿತ್ತು’ ಅನ್ನೋದು ಪೂರ್ತಿ ಸತ್ಯ ಅಲ್ಲ. ಯಾರು ಕೆಡಿಸಿದರು ಅನ್ನೋದು ಉಳಿದೇ ಇತ್ತು.

ನಮ್ಮಲ್ಲಿ?

ಈಗ ಭಾರತಕ್ಕೆ ಬರೋಣ. ನಮ್ಮ ಸೇನೆ ಮರುತುಂಬಿದ ತೋಟೆ ಬಳಸೋ ಪ್ರಶ್ನೆ ಅಲ್ಲ ಇದು, ಮದ್ದುಗುಂಡಿನ ಗುಣಮಟ್ಟದ ಪ್ರಶ್ನೆ. 2020ರ ಸೆಪ್ಟೆಂಬರ್‌ನಲ್ಲಿ ಸೇನೆಯ ಆಂತರಿಕ ವರದಿಯೊಂದು ಮಾಧ್ಯಮಗಳಲ್ಲಿ ಬಂತು. ಅದರ ಪ್ರಕಾರ 2014ರಿಂದ ಕಳಪೆ ಮದ್ದುಗುಂಡಿನಿಂದ ಆದ ನಷ್ಟ 960 ಕೋಟಿ ರೂಪಾಯಿ, ಅವಘಡಗಳು 403, ಸತ್ತವರು 27. ಇದರಲ್ಲಿ ಟ್ಯಾಂಕ್, ಫಿರಂಗಿ ಶೆಲ್‌ಗಳೂ ಸೇರಿವೆ. ಆಗಿನ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ಇದನ್ನು ಒಪ್ಪಲಿಲ್ಲ. ಅವಘಡಕ್ಕೆ ಬಂದೂಕಿನ ನಿರ್ವಹಣೆ, ಹಾರಿಸುವ ಕ್ರಮದಂಥ ಬೇರೆ ಕಾರಣಗಳೂ ಇರುತ್ತವೆ ಅಂದಿತು.

ಗಮನಿಸಿ, ಈ ಲೇಖನದ ಮೊದಲ ಪ್ಯಾರಾದ ಜಗಳವೇ ಇದು. ಬೋರ್ಡ್ ಹೇಳಿದ್ದು ತಾಂತ್ರಿಕವಾಗಿ ತಪ್ಪೇನಲ್ಲ. ಸ್ಪ್ರಿಂಗ್‌ಫೀಲ್ಡ್ ಕಥೆಯೂ ಅದನ್ನೇ ಹೇಳುತ್ತೆ. ಸೇನೆ ಹೇಳಿದ್ದೂ ತಪ್ಪಿರಬೇಕಾಗಿಲ್ಲ. ತೊಂದರೆ ಏನಂದ್ರೆ ತೀರ್ಪು ಕೊಡೋರು ಯಾರು? ಮದ್ದುಗುಂಡು ತಯಾರಿಸುತ್ತಿದ್ದ ಬೋರ್ಡ್, ಅದನ್ನು ಪರೀಕ್ಷಿಸುವ ಡಿಜಿಕ್ಯೂಎ, ಎರಡೂ ರಕ್ಷಣಾ ಸಚಿವಾಲಯದ ಒಂದೇ ಇಲಾಖೆಯ ಅಡಿಯಲ್ಲಿದ್ದವು. 2021ರ ಅಕ್ಟೋಬರ್ 1ರಂದು ಬೋರ್ಡನ್ನು ಏಳು ಸರ್ಕಾರಿ ಕಂಪನಿಗಳಾಗಿ ಒಡೆದರು. ಮದ್ದುಗುಂಡಿಗೆ ಒಂದು ಕಂಪನಿ, ಬಂದೂಕಿಗೆ ಇನ್ನೊಂದು. ಒಂದು ರೈಫಲ್ ಸಿಡಿದರೆ ಬೊಟ್ಟು ತೋರಿಸಿಕೊಳ್ಳೋಕೆ ಈಗ ಎರಡು ಕಂಪನಿ ಇವೆ. ಇಬ್ಬರಿಗೂ ಸೇರದ ತನಿಖೆಗಾರ ಬೇಕಾಗಿರೋದು ಅದಕ್ಕೇ.

ನಮ್ಮ ಹತ್ತಿರ ಸಾಧನಗಳಿಲ್ಲ ಅಂತಲ್ಲ. ಸೇನೆಯ ಮದ್ದುಗುಂಡು ನಿರ್ವಹಣೆ ಬಗ್ಗೆ ಸಿಎಜಿ 2015ರಲ್ಲಿ, ಆಮೇಲೆ 2017ರಲ್ಲಿ ವರದಿ ಕೊಟ್ಟಿದೆ. ರಕ್ಷಣೆಯ ಸಂಸದೀಯ ಸ್ಥಾಯಿ ಸಮಿತಿ ಇದೆ. ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಬಾಗಿಲು ಮುಚ್ಚಬಹುದು, ನಿಜ. ಆದರೆ ಅದೇ ಸೆಕ್ಷನ್ನಿನ 2ನೇ ಉಪವಿಧಿ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಬಾಗಿಲು ತೆರೆಯಬಹುದು ಅನ್ನುತ್ತೆ. ತರಬೇತಿಯಲ್ಲಿ ತನ್ನದೇ ಶೆಲ್ ಸಿಡಿದು ಒಬ್ಬ ಜವಾನ ಸತ್ತರೆ, ಯಾಕೆ ಅಂತ ತಿಳಿಯೋದರಿಂದ ಶತ್ರುವಿಗೆ ಸಿಗುವ ಲಾಭ ಏನು? ಆ ಕಾರಣ ಮುಚ್ಚಿಟ್ಟರೆ ಮುಂದಿನ ಜವಾನನಿಗೆ ಆಗುವ ನಷ್ಟ ಏನು?

ಮುಂದಿನ ಸಲ ಇಂಥ ಸುದ್ದಿ ಓದುವಾಗ

‘ತಾಂತ್ರಿಕ ದೋಷ’, ‘ತನಿಖೆಗೆ ಆದೇಶ’ ಅಂತ ಎರಡು ಸಾಲಿನ ಸುದ್ದಿ ಬಂದಾಗ ಐದು ಪ್ರಶ್ನೆ ಕೇಳಿ.

1. ಚೂರುಗಳು, ಖಾಲಿ ಕೇಸ್, ಅದೇ ಬ್ಯಾಚಿನ ಉಳಿದ ತೋಟೆಗಳು ಯಾರ ವಶದಲ್ಲಿವೆ?
2. ತನಿಖೆ ಮಾಡ್ತಿರೋರು ತಯಾರಕರಿಗೋ, ಖರೀದಿ ಮಾಡಿದವರಿಗೋ ಉತ್ತರ ಕೊಡಬೇಕಾದವರಾ?
3. ಪರೀಕ್ಷೆಯಲ್ಲಿ ಪಾಸಾದ ತೋಟೆಯೂ, ಕೈಗೆ ಬಂದ ತೋಟೆಯೂ ಒಂದೇನಾ?
4. ‘ತೋಟೆ ಕೆಟ್ಟಿತ್ತು’ ಅಂದ ಮೇಲೆ ‘ಅದು ಯಾಕೆ ಕೆಟ್ಟಿತ್ತು, ರೈಫಲ್ ಯಾಕೆ ತಡೆಯಲಿಲ್ಲ’ ಅಂತ ಯಾರಾದರೂ ಕೇಳಿದ್ದಾರಾ?
5. ಅದೇ ಬ್ಯಾಚಿನ ಉಳಿದ ಸರಕನ್ನು ಹಿಂಪಡೆದರಾ, ಇಲ್ಲಾ 1928ರ ಹಾಗೆ ‘ರಿಪೇರಿಗೆ ಬಂದಾಗ ನೋಡೋಣ’ ಅಂದರಾ?

ಮೊದಲ ಉತ್ತರ ಸಿಕ್ಕ ತಕ್ಷಣ ನಿಲ್ಲುವ ತನಿಖೆ, ಬಹುಪಾಲು ಸಲ, ಯಾರನ್ನೋ ಉಳಿಸೋಕೆ ನಿಂತಿರುತ್ತೆ. ಕುಲುಮೆಯ ಪಕ್ಕ ತಾಪ ಅಳೆಯುವ ಉಪಕರಣ ಇಡಿಸಿದವರು ಹೊಸದೇನೂ ಕಂಡುಹಿಡಿಯಲಿಲ್ಲ. ತೋಟೆಯ ತಪ್ಪು ಅಂತ ಗೊತ್ತಾದ ಮೇಲೂ ಇನ್ನೊಂದು ಪ್ರಶ್ನೆ ಕೇಳಿದರು, ಅಷ್ಟೇ.